ಹರಳಿನ ಬಿಲ್ಲೆಯಲ್ಲಿ ಬೆಳಕನ್ನು ಹಿಡಿದಿಡುವುದು: ಸೂಕ್ಷ್ಮ ಅನುರಣಕ ತಯಾರಿಸುವವರಿಗೆ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಗುಮ್ಮಟದ ಒಳಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ನಿಂತವರಿಗೆ ಮಾತು ಕೇಳಿಸುತ್ತದೆ. ಧ್ವನಿ ಗೋಡೆಯ ಬಾಗನ್ನೇ ತಬ್ಬಿಕೊಂಡು ಸಾಗುವುದರಿಂದ ಹೀಗಾಗುತ್ತದೆ ಎಂದು ಲಾರ್ಡ್ ರೇಲೀ ವಿವರಿಸಿದರು. 1921ರಲ್ಲಿ ಸಿ. ವಿ. ರಾಮನ್ ಕೂಡ ಸಹೋದ್ಯೋಗಿ ಸದರ್ಲೆಂಡ್ ಜೊತೆಗೂಡಿ ಅದೇ ಗ್ಯಾಲರಿಯಲ್ಲಿ ಪ್ರಯೋಗ ನಡೆಸಿದರು. ಧ್ವನಿಯ ಜಾಗದಲ್ಲಿ ಬೆಳಕನ್ನೂ ಗುಮ್ಮಟದ ಜಾಗದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಹರಳಿನ ಬಿಲ್ಲೆಯನ್ನೂ ಇಟ್ಟುಕೊಂಡರೆ ನಮ್ಮ ವಿಷಯ ಸಿಕ್ಕಿತು. ಅಂಚಿನ ಒಳಮೈಗೆ ಓರೆಯಾಗಿ ತಾಗುವ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಹೊರಬರಲಾರದೆ ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿನ ದಾರಿಯಲ್ಲಿ ಪೂರ್ಣಸಂಖ್ಯೆಯ ತರಂಗಗಳು ಕೂರುವಂತಿದ್ದರೆ ಪ್ರತಿ ಸುತ್ತೂ ಹಿಂದಿನದಕ್ಕೆ ಬಲ ಕೊಡುತ್ತದೆ. ಅದೇ ಅನುರಣನ.

ಇಂಥ ಬಿಲ್ಲೆಯನ್ನು ತಯಾರಿಸಿ, ಅದರೊಳಗೆ ಬೆಳಕು ಬಿಟ್ಟು, ಅಳೆದು, ಕೆಲಸಕ್ಕೆ ಹಚ್ಚಬೇಕೆನ್ನುವ ವಿದ್ಯಾರ್ಥಿಗಳಿಗೂ ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೂ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಳ್ಳೆಯ ಹರಳು ತಾನಾಗಿ ಬೆಳಕನ್ನು ನುಂಗುವುದು ತೀರಾ ಕಡಿಮೆ. ಬೆಳಕು ಸೋರಿಹೋಗುವುದು ಅಂಚಿನ ಮೈಯಲ್ಲಿ. ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ಆ ಕೂದಲೆಳೆಯಷ್ಟು ಕಿರಿದಾದ ಅಂಚಿನ ಆರೈಕೆಯೇ ಆಗಿದೆ.

ಮೊದಲು ಕಾಗದದ ಮೇಲೆ ಲೆಕ್ಕ

ಹರಳಿಗೆ ಕೈ ಹಾಕುವ ಮುನ್ನ ಬಿಲ್ಲೆಯ ವ್ಯಾಸ ಎಷ್ಟಿರಬೇಕು, ಕ್ಯೂ ಅಂಶ ಎಷ್ಟಿದ್ದರೆ ಸಾಕು ಎಂಬ ಎರಡನ್ನು ನಿರ್ಧರಿಸಿಕೊಳ್ಳಿ. ಬೆಳಕಿನ ಆವೃತ್ತಿಯನ್ನು ಅನುರಣನದ ಗೆರೆಯಗಲದಿಂದ (ಅನುರಣನ ನಡೆಯುವ ಆವೃತ್ತಿಗಳ ಪಟ್ಟಿ ಎಷ್ಟು ಅಗಲವೋ ಅದರಿಂದ) ಭಾಗಿಸಿದರೆ ಬರುವ ಸಂಖ್ಯೆಯೇ ಕ್ಯೂ. ಗೆರೆ ಸಣ್ಣದಾದಷ್ಟೂ ಬೆಳಕು ಒಳಗೆ ಹೆಚ್ಚು ಹೊತ್ತು ಉಳಿಯುತ್ತದೆ.

5 ಮಿಲಿಮೀಟರ್ ವ್ಯಾಸದ ಮೆಗ್ನೀಸಿಯಂ ಫ್ಲೋರೈಡ್ ಬಿಲ್ಲೆಯನ್ನೇ ತೆಗೆದುಕೊಳ್ಳೋಣ. 1550 ನ್ಯಾನೊಮೀಟರ್ ತರಂಗದೂರದಲ್ಲಿ ಇದರ ವಕ್ರೀಭವನ ಸೂಚ್ಯಂಕ ಸುಮಾರು 1.37. ಬಿಲ್ಲೆಯ ಸುತ್ತಳತೆ 15.7 ಮಿಲಿಮೀಟರ್. ಬೆಳಕಿನ ವೇಗವನ್ನು ಸುತ್ತಳತೆ ಮತ್ತು ಸೂಚ್ಯಂಕಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 14 ಗಿಗಾಹರ್ಟ್ಸ್ ಬರುತ್ತದೆ. ಒಂದು ಅನುರಣನಕ್ಕೂ ಅದೇ ಕುಟುಂಬದ ಮುಂದಿನ ಅನುರಣನಕ್ಕೂ ನಡುವಿನ ಅಂತರ ಇದು. ಇನ್ನು ಕ್ಯೂ 100 ಕೋಟಿ ಎಂದುಕೊಳ್ಳಿ. ಈ ತರಂಗದೂರದಲ್ಲಿ ಬೆಳಕಿನ ಆವೃತ್ತಿ 193 ಟೆರಾಹರ್ಟ್ಸ್ ಆದ್ದರಿಂದ ಗೆರೆಯಗಲ 193 ಕಿಲೋಹರ್ಟ್ಸ್ ಆಗುತ್ತದೆ. ಬೆಳಕು ಒಳಗೆ ಉಳಿಯುವ ಕಾಲ 0.82 ಮೈಕ್ರೊಸೆಕೆಂಡ್. ಕೇಳಲು ಅಲ್ಪವೆನಿಸುತ್ತದೆ, ಆದರೆ ಅಷ್ಟರಲ್ಲಿ ಬೆಳಕು 180 ಮೀಟರ್ ದಾರಿ ಸವೆಸಿ ಬಿಲ್ಲೆಯನ್ನು ಹನ್ನೊಂದು ಸಾವಿರಕ್ಕೂ ಹೆಚ್ಚು ಬಾರಿ ಸುತ್ತಿರುತ್ತದೆ.

ಇದು ಶ್ರದ್ಧೆಯಿಂದ ದುಡಿದ ಕೈಗೆ ಎಟಕುವ ಅಂಕಿ. 2007ರಲ್ಲಿ ಅಮೆರಿಕದ ಸಂಶೋಧಕರು ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯಲ್ಲಿ 10,000 ಕೋಟಿಯನ್ನೂ ಮೀರಿದ ಕ್ಯೂ ಅಳೆದು ತೋರಿಸಿದರು. ಅಂಥ ಬಿಲ್ಲೆಯಲ್ಲಿ ಬೆಳಕು ಮಾಯವಾಗುವ ಮುನ್ನ 17 ಕಿಲೋಮೀಟರ್ ಓಡುತ್ತದೆ. ಈ ಲೆಕ್ಕವನ್ನು ಮೊದಲ ಬಾರಿ ಕೈಯಾರೆ ಮಾಡಿದಾಗ ನಾನು ನಂಬದೆ ಮತ್ತೊಮ್ಮೆ ಮಾಡಿದ್ದೆ.

ಆದರೆ ಎಲ್ಲ ಕೆಲಸಕ್ಕೂ ಅಷ್ಟು ದೊಡ್ಡ ಕ್ಯೂ ಬೇಕಿಲ್ಲ. ಫಿಲ್ಟರ್ ಮಾಡಲು ಹೊರಟವರಿಗೆ ಗೆರೆ ತೀರಾ ಸಣ್ಣದಾದರೆ ತೊಂದರೆಯೇ ಹೆಚ್ಚು. ಆವೃತ್ತಿ ಬಾಚಣಿಗೆ (ಒಂದೇ ಲೇಸರ್‌ನಿಂದ ಹುಟ್ಟಿ, ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದಲ್ಲಿ ನಿಲ್ಲುವ ಬಣ್ಣಗಳ ಸಾಲು) ಬೇಕಾದವರಿಗೆ ಮಾತ್ರ ಕ್ಯೂ ಪ್ರಾಣ. ಬಾಚಣಿಗೆ ಹುಟ್ಟಲು ಬೇಕಾದ ಕನಿಷ್ಠ ಲೇಸರ್ ಶಕ್ತಿ ಕ್ಯೂ ವರ್ಗಕ್ಕೆ ವಿಲೋಮವಾಗಿರುತ್ತದೆ. ಕ್ಯೂ ಇಮ್ಮಡಿಯಾದರೆ ಶಕ್ತಿ ಕಾಲು ಭಾಗ ಸಾಕು.

ಯಾವ ಹರಳು?

ಕಲಿಯುವವರು ಮೆಗ್ನೀಸಿಯಂ ಫ್ಲೋರೈಡ್‌ನಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಕ್ಯಾಲ್ಸಿಯಂ ಫ್ಲೋರೈಡ್ ಮೆದು, ಗಡಸುತನದ ಮೋಸ್ ಅಳತೆಯಲ್ಲಿ 4. ಹೊಳಪು ಬೇಗ ಬರುತ್ತದೆ, ಗೀರೂ ಅಷ್ಟೇ ಬೇಗ ಬೀಳುತ್ತದೆ. ಬಿಸಿಯಲ್ಲಿ ಏರುಪೇರಾದರೆ ಸೀಳಿಹೋಗುವ ಸ್ವಭಾವ ಅದರದು. ಮೆಗ್ನೀಸಿಯಂ ಫ್ಲೋರೈಡ್ ಗಡಸುತನ 6, ಸ್ವಲ್ಪ ಒರಟಾದ ಕೈಯನ್ನೂ ಅದು ತಾಳಿಕೊಳ್ಳುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಬಿಸಿಯದು. ಕ್ಯಾಲ್ಸಿಯಂ ಫ್ಲೋರೈಡ್ ಬಿಸಿಯಾದಾಗ ಹಿಗ್ಗುತ್ತದೆ, ಆದರೆ ಅದರ ಸೂಚ್ಯಂಕ ಇಳಿಯುತ್ತದೆ. ಸೂಚ್ಯಂಕದ ಬದಲಾವಣೆ ಬೆಳಕು ಹಾಯುವ ಜಾಗದಲ್ಲಿ ತಕ್ಷಣ ಆಗುತ್ತದೆ, ಇಡೀ ಬಿಲ್ಲೆ ಹಿಗ್ಗುವುದು ನಿಧಾನ. ಎರಡೂ ಅನುರಣನವನ್ನು ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ಲೇಸರ್ ಶಕ್ತಿ ಏರಿಸಿದೊಡನೆ ಅದು ಹಿಂದೆ ಮುಂದೆ ತೂಗಾಡತೊಡಗುತ್ತದೆ. ಮೆಗ್ನೀಸಿಯಂ ಫ್ಲೋರೈಡ್‌ನಲ್ಲಿ ಎರಡೂ ಒಂದೇ ದಿಕ್ಕಿನವು, ತೂಗಾಟವಿಲ್ಲ. 1550 ನ್ಯಾನೊಮೀಟರ್ ಬಳಿ ಬಾಚಣಿಗೆಗೆ ಬೇಕಾದ ಅಸಂಗತ ಪ್ರಸರಣ ಗುಣವೂ (ಗಿಡ್ಡ ತರಂಗದೂರದ ಬೆಳಕಿನ ಸ್ಪಂದನ ಉದ್ದದ್ದಕ್ಕಿಂತ ವೇಗವಾಗಿ ಸಾಗುವುದು) ಇದಕ್ಕಿದೆ.

ಗಾಜಿನ ಗೋಲಿಗಳನ್ನೇಕೆ ಬಳಸಬಾರದು ಎಂದು ಕೇಳುವವರಿದ್ದಾರೆ. 1989ರಲ್ಲಿ ಮಾಸ್ಕೋದ ಬ್ರಗಿನ್ಸ್ಕಿ, ಗೊರೊಡೆಟ್ಸ್ಕಿ ಮತ್ತು ಇಲ್ಚೆಂಕೊ ಈ ಹಾದಿ ತೆರೆದದ್ದು ಕರಗಿಸಿದ ಸಿಲಿಕಾ ಗೋಲಿಗಳಿಂದಲೇ. ಜ್ವಾಲೆಯಲ್ಲಿ ಕರಗಿದ ಗಾಜು ತನ್ನ ಮೇಲ್ಮೈ ಎಳೆತದಿಂದಲೇ ನುಣುಪಾಗುತ್ತದೆ, ಉಜ್ಜುವ ಕಷ್ಟವಿಲ್ಲ. ಆದರೆ ಸಿಲಿಕಾ ಗಾಳಿಯ ತೇವವನ್ನು ಮೈಗೆ ಅಂಟಿಸಿಕೊಳ್ಳುತ್ತದೆ, ಅತಿ ಎತ್ತರದ ಕ್ಯೂ ನೋಡನೋಡುತ್ತಲೇ ಕುಸಿಯುತ್ತದೆ. ಫ್ಲೋರೈಡ್ ಹರಳುಗಳು ಈ ವಿಷಯದಲ್ಲಿ ಗಟ್ಟಿ.

ವಿದ್ಯುತ್ತಿನಿಂದ ಬೆಳಕನ್ನು ಹೊಂದಿಸಬೇಕು, ಇಲ್ಲವೇ ಬೆಳಕಿನ ಆವೃತ್ತಿಯನ್ನು ಇಮ್ಮಡಿಗೊಳಿಸಬೇಕು ಎನ್ನುವವರಿಗೆ ಲಿಥಿಯಂ ನಯೋಬೇಟ್ ಬೇಕು. ಅದರ ದಾರಿಯೇ ಬೇರೆ, ಮುಂದೆ ಒಂದೆರಡು ಕಡೆ ಪ್ರಸ್ತಾಪಿಸುತ್ತೇನೆ.

ಕತ್ತರಿಸಿ ಕೂರಿಸುವುದು

ಹರಳಿನ ಅಕ್ಷ ಬಿಲ್ಲೆಯ ಮೈಗೆ ಲಂಬವಾಗಿರುವಂತೆ ಕತ್ತರಿಸಿದ ಹಲಗೆಯನ್ನೇ ಆರಿಸಿ. ವಜ್ರದ ಹರಳು ಕೂರಿಸಿದ ಟೊಳ್ಳು ಡ್ರಿಲ್‌ನಿಂದ, ನೀರು ಹರಿಸುತ್ತಾ, ಬೇಕಾದ ವ್ಯಾಸಕ್ಕಿಂತ ಸ್ವಲ್ಪ ದೊಡ್ಡ ಬಿಲ್ಲೆಯನ್ನು ಕೊರೆದು ತೆಗೆಯಿರಿ. ನೀರು ಬಿಸಿಯನ್ನೂ ತಡೆಯುತ್ತದೆ, ಪುಡಿ ಹಾರುವುದನ್ನೂ ತಡೆಯುತ್ತದೆ. ಫ್ಲೋರೈಡ್ ಪುಡಿ ಉಸಿರಿನೊಳಗೆ ಹೋಗಬಾರದು. ಒಣಗಿದ ಹರಳನ್ನು ಉಜ್ಜುವ ಅಭ್ಯಾಸವನ್ನೇ ಇಟ್ಟುಕೊಳ್ಳಬೇಡಿ.

ಬಿಲ್ಲೆಯನ್ನು ಮೇಣದಿಂದ ಹಿತ್ತಾಳೆಯ ಕಡ್ಡಿಯ ತುದಿಗೆ ಅಂಟಿಸಬೇಕು. ಕಡ್ಡಿಯನ್ನೂ ಬಿಲ್ಲೆಯನ್ನೂ ಒಟ್ಟಿಗೆ ನಿಧಾನವಾಗಿ ಬಿಸಿ ಮಾಡಿ, ನಿಧಾನವಾಗಿಯೇ ಆರಲು ಬಿಡಿ. ಆಮೇಲೆ ಕಡ್ಡಿಯನ್ನು ಸ್ಪಿಂಡಲ್‌ಗೆ ಹಾಕಿ ತಿರುಗಿಸಿದಾಗ ಅಂಚು ಅಲುಗಾಡುತ್ತದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಿ. ಗಾಳಿಯ ಪದರದ ಮೇಲೆ ತೇಲುವ ಏರ್ ಬೇರಿಂಗ್ ಸ್ಪಿಂಡಲ್ ಇದ್ದರೆ ನಡುಕ ಬಹಳ ಕಡಿಮೆ. ಇನ್ನೊಂದು ಎಚ್ಚರಿಕೆ: ಹೊಳಪು ಮುಗಿಯುವವರೆಗೂ ಬಿಲ್ಲೆಯನ್ನು ಆ ಕಡ್ಡಿಯಿಂದ ಬಿಡಿಸಬಾರದು. ಒಮ್ಮೆ ಬಿಡಿಸಿ ಮತ್ತೆ ಅಂಟಿಸಿದರೆ ಕೇಂದ್ರ ತಪ್ಪುತ್ತದೆ, ದುಂಡಗಿದ್ದ ಅಂಚು ಮತ್ತೆ ಓಲಾಡುತ್ತದೆ.

ಇನ್ನು ಆಕಾರ. ಅಂಚನ್ನು ಎರಡೂ ಬದಿಯಿಂದ ಇಳಿಜಾರಾಗಿ ಸವೆಸಿ, ತುದಿ ಬಾಗಿದ ದಿಬ್ಬದಂತೆ ಉಳಿಯುವ ಹಾಗೆ ಮಾಡಬೇಕು. ಆ ದಿಬ್ಬದ ಬಾಗಿನ ತ್ರಿಜ್ಯ ಹತ್ತಾರು ಮೈಕ್ರಾನ್‌ಗಳಿಂದ ನೂರರ ಆಸುಪಾಸಿನಲ್ಲಿ ಇರಲಿ. ಬೆಳಕು ಈ ದಿಬ್ಬದ ನೆತ್ತಿಗೆ ಅಂಟಿಕೊಂಡು ಕೆಲವೇ ಮೈಕ್ರಾನ್ ಒಳಗೆ ಓಡುತ್ತದೆ. ಬಿಲ್ಲೆಯ ಉಳಿದ ಭಾಗ ಅದಕ್ಕೆ ಬರೀ ಆಸರೆ. ನಿಖರ ಲೇತ್ ಇರುವವರು ವಜ್ರದ ಉಳಿಯಿಂದಲೇ ಈ ಆಕಾರ ಕೆತ್ತುತ್ತಾರೆ. ಇಲ್ಲದವರು ಒರಟು ಕಣದ ವಜ್ರದ ಹಾಳೆಯಿಂದ ಎರಡೂ ಬದಿ ಉಜ್ಜಿದರೂ ಸಾಕು.

ಅಂಚಿಗೆ ಹೊಳಪು

ಇಲ್ಲಿ ಆತುರಪಟ್ಟವರು ಮುಂದೆ ಎಲ್ಲ ಕಡೆಯೂ ಪರದಾಡುತ್ತಾರೆ. ಅಂಚಿನ ಒರಟುತನ ಅರ್ಧಕ್ಕಿಳಿದರೆ ಚದುರಿ ಹೋಗುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ನಷ್ಟಕ್ಕೆಲ್ಲ ಒರಟುತನವೇ ಕಾರಣವಾಗಿದ್ದ ಬಿಲ್ಲೆಯಲ್ಲಿ ಕ್ಯೂ ನಾಲ್ಕು ಪಟ್ಟಾಗಿ, ಬಾಚಣಿಗೆಗೆ ಬೇಕಾದ ಶಕ್ತಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಟ್ಟೆಯ ತುಂಡು, ವಜ್ರದ ಪುಡಿ ಮತ್ತು ತಾಳ್ಮೆ ಸೇರಿ ಕೊಡುವ ಇಷ್ಟು ದೊಡ್ಡ ಪ್ರತಿಫಲವನ್ನು ದುಬಾರಿ ಲೇಸರ್ ಕೂಡ ಕೊಡಲಾರದು.

ವಜ್ರದ ಕಣಗಳನ್ನು ದ್ರವದಲ್ಲಿ ತೇಲಿಸಿದ ಲೇಪ ಹಲವು ಅಳತೆಗಳಲ್ಲಿ ಸಿಗುತ್ತದೆ. 9 ಮೈಕ್ರಾನ್‌ನಿಂದ ಆರಂಭಿಸಿ 6, 3, 1, 0.5, 0.25, 0.1 ಎಂದು ಇಳಿಯುತ್ತಾ ಕೊನೆಗೆ 0.05 ಮೈಕ್ರಾನ್‌ಗೆ ಬನ್ನಿ. ನೂಲೆಳೆ ಬಿಡದ ಮೆದು ಬಟ್ಟೆಗೆ ಒಂದೆರಡು ಹನಿ ಹಾಕಿ, ತಿರುಗುತ್ತಿರುವ ಅಂಚಿನ ಬಾಗಿಗೆ ಹೊಂದುವಂತೆ ಹಗುರವಾಗಿ ಹಿಡಿಯಿರಿ. ಒತ್ತಬೇಡಿ. ಒತ್ತಿದರೆ ಸವೆತ ಹೆಚ್ಚುತ್ತದೆ, ಜೊತೆಗೆ ಮೇಲ್ಮೈಯ ಕೆಳಗೆ ಕಣ್ಣಿಗೆ ಕಾಣದ ಬಿರುಕುಗಳೂ ಹುಟ್ಟುತ್ತವೆ. ಆಮೇಲೆ ಎಷ್ಟೇ ನಯವಾಗಿ ಉಜ್ಜಿದರೂ ಆ ಬಿರುಕುಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಯಾವ ಹಂತಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ ಗಡಿಯಾರ ನೋಡಬೇಡಿ, ಸೂಕ್ಷ್ಮದರ್ಶಕ ನೋಡಿ ಎನ್ನುತ್ತೇನೆ. ಹಿಂದಿನ ಹಂತದ ಗೀರುಗಳೆಲ್ಲ ಅಳಿಯುವವರೆಗೆ ಮುಂದಿನದಕ್ಕೆ ಹೋಗಬಾರದು. ಬದಿಯಿಂದ ಬೆಳಕು ಹಾಯಿಸಿ ನೋಡುವಾಗ 3 ಮೈಕ್ರಾನ್ ಹಂತದಲ್ಲಿ ಅಂಚಿನ ಸುತ್ತಲೂ ಕೂದಲಿನಂಥ ಸಮಾನಾಂತರ ಗೆರೆಗಳು ಮಿನುಗುತ್ತವೆ. 1 ಮೈಕ್ರಾನ್‌ಗೆ ಬಂದಾಗ ಅವು ಮಂಜಿನಂತೆ ಮಸುಕಾಗುತ್ತವೆ. 0.25ರ ಹೊತ್ತಿಗೆ ಅಂಚು ಕಪ್ಪಗೆ ಕಾಣತೊಡಗುತ್ತದೆ, ಏಕೆಂದರೆ ನಿಮ್ಮ ಕಣ್ಣಿನತ್ತ ಬೆಳಕನ್ನು ಚದುರಿಸುವಂಥದ್ದು ಅಲ್ಲಿ ಏನೂ ಉಳಿದಿರುವುದಿಲ್ಲ. ಈ ಕಪ್ಪು ಎಲ್ಲೂ ತುಂಡಾಗದೆ ಸುತ್ತಲೂ ಒಂದೇ ಸಮ ಇದೆಯೇ ಎಂದು ನೋಡಲು ಬಿಲ್ಲೆಯನ್ನು ಕೈಯಿಂದ ಇಂಚಿಂಚಾಗಿ ತಿರುಗಿಸುತ್ತಾ ಪೂರ್ತಿ ಒಂದು ಸುತ್ತು ಬನ್ನಿ. ಒಂದೇ ಒಂದು ಕುಳಿ ಉಳಿದಿದ್ದರೂ ಬೆಳಕು ಅದನ್ನು ಸಾವಿರಾರು ಬಾರಿ ಎಡವುತ್ತದೆ.

ಕ್ಯಾಲ್ಸಿಯಂ ಫ್ಲೋರೈಡ್ ಹಿಡಿದವರು ಇನ್ನೊಂದನ್ನು ಗಮನಿಸಬೇಕು. ಬಿಲ್ಲೆ ತಿರುಗುವಾಗ ಉಳಿಗೆ ಹರಳಿನ ಬೇರೆ ಬೇರೆ ದಿಕ್ಕುಗಳು ಎದುರಾಗುತ್ತವೆ. ಕೆಲವು ದಿಕ್ಕುಗಳಲ್ಲಿ ಹರಳು ಮೃದುವಾಗಿ ಸವೆಯುತ್ತದೆ, ಕೆಲವು ಕಡೆ ಚಕ್ಕೆ ಏಳುತ್ತದೆ. ಹೊಳೆಯುವ ಪಟ್ಟಿಯೂ ಕುಳಿಬಿದ್ದ ಪಟ್ಟಿಯೂ ಸರದಿಯಲ್ಲಿ ಬಂದರೆ ನಿಮ್ಮ ಕೈಯ ತಪ್ಪೆಂದು ಕೊರಗಬೇಡಿ. ಒಂದೆರಡು ಹಂತ ಹಿಂದಕ್ಕೆ ಹೋಗಿ, ಇನ್ನೂ ಹಗುರವಾಗಿ ಮತ್ತೆ ಆರಂಭಿಸಿ.

ಹೊಳಪು ಕೆಡಲು ಅತಿ ಸಾಮಾನ್ಯ ಕಾರಣ ಹಿಂದಿನ ಹಂತದ ಒಂದು ದಪ್ಪ ಕಣ ಮುಂದಿನ ಹಂತಕ್ಕೆ ನುಸುಳುವುದು. ನನ್ನ ಅತ್ಯುತ್ತಮವೆನಿಸಿದ್ದ ಬಿಲ್ಲೆಯೊಂದು ಕೊನೆಯ ಹಂತದಲ್ಲಿ ಹೀಗೆಯೇ ಹಾಳಾಯಿತು. ಬಟ್ಟೆ ಬದಲಿಸಿದ್ದೆ, ಕೈಗವಸು ಬದಲಿಸಿರಲಿಲ್ಲ. ಅಂದಿನಿಂದ ಪ್ರತಿ ಕಣದ ಅಳತೆಗೂ ಬೇರೆ ಬಟ್ಟೆ, ಬೇರೆ ಡಬ್ಬಿ, ಬೇರೆ ಕೈಗವಸು ಇಟ್ಟುಕೊಂಡಿದ್ದೇನೆ. ಹಂತ ಬದಲಾದಾಗ ಬಿಲ್ಲೆಯ ಜೊತೆಗೆ ಕಡ್ಡಿ, ಸ್ಪಿಂಡಲ್‌ನ ಮೂತಿ, ಮೇಜಿನ ಮೈ ಎಲ್ಲವನ್ನೂ ಒರೆಸುತ್ತೇನೆ. ಕೊನೆಯಲ್ಲಿ ಅಸಿಟೋನ್‌ನಿಂದಲೂ ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದಲೂ ತೊಯ್ದ ಹೊಸ ಹಾಳೆಯನ್ನು ತಿರುಗುತ್ತಿರುವ ಅಂಚಿಗೆ ಮೆಲ್ಲಗೆ ಸವರಿ ಮುಗಿಸಿ. ಅಸಿಟೋನ್ ಮೇಣವನ್ನು ಮೆತ್ತಗಾಗಿಸಬಹುದು, ಹಾಳೆ ಅಂಚನ್ನು ಬಿಟ್ಟು ಕೆಳಗಿಳಿಯದಂತೆ ಹಿಡಿಯಿರಿ.

ಬೆಳಕನ್ನು ಒಳಗೆ ಬಿಡುವುದು

ಹೊರಹೋಗಲಾರದ ಬೆಳಕು ಒಳಗೂ ಸುಮ್ಮನೆ ಹೋಗಲಾರದು. ಲೇಸರನ್ನು ನೇರವಾಗಿ ಬಿಲ್ಲೆಯತ್ತ ತೋರಿಸಿದರೆ ಅದು ಹಾಯ್ದು ಹೋಗುತ್ತದೆ, ಅಷ್ಟೇ. ಅಂಚಿನ ಹೊರಗೆ ಒಂದು ಮೈಕ್ರಾನ್‌ಗಿಂತ ಕಡಿಮೆ ದೂರದವರೆಗೆ ಚಾಚಿಕೊಂಡು ಬೇಗನೆ ಕ್ಷೀಣಿಸುವ ಬೆಳಕಿನ ಕ್ಷೇತ್ರವೊಂದು ಇರುತ್ತದೆ. ಅದರೊಳಗೆ ಪ್ರಿಸಂ ಅಥವಾ ಎಳೆದು ತೆಳ್ಳಗೆ ಮಾಡಿದ ಫೈಬರನ್ನು ತಂದಿಟ್ಟರೆ ಬೆಳಕು ದಾಟಿ ಬರುತ್ತದೆ. ತೆಳು ಫೈಬರ್‌ನಲ್ಲಿ ನಷ್ಟ ಕಡಿಮೆ, ಆದರೆ ಅದು ಉಸಿರು ತಾಗಿದರೂ ಅಲುಗುವಷ್ಟು ನಾಜೂಕು, ದೂಳು ಕೂತರೆ ಮುಗಿಯಿತು. ಮೊದಲ ಸಲಕ್ಕೆ ಪ್ರಿಸಂ ಬಳಸಿ.

ಪ್ರಿಸಂನ ಸೂಚ್ಯಂಕ ಹರಳಿನದಕ್ಕಿಂತ ಹೆಚ್ಚಿರಲೇಬೇಕು. ಪ್ರಿಸಂನೊಳಗಿನ ಕೋನದ ಸೈನ್, ಎರಡೂ ಸೂಚ್ಯಂಕಗಳ ಅನುಪಾತಕ್ಕೆ ಸಮನಾಗಬೇಕು. ಮೆಗ್ನೀಸಿಯಂ ಫ್ಲೋರೈಡ್‌ಗೆ 1.50 ಸೂಚ್ಯಂಕದ ಸಾಮಾನ್ಯ ಬಿಕೆ7 ಗಾಜು ಸಾಕು, ಕೋನ ಸುಮಾರು 66 ಡಿಗ್ರಿ. ಲಿಥಿಯಂ ನಯೋಬೇಟ್‌ನ ಸೂಚ್ಯಂಕ 2.1ರಿಂದ 2.2ರ ಆಸುಪಾಸಿನಲ್ಲಿ ಇರುವುದರಿಂದ ಅದಕ್ಕೆ ವಜ್ರದ ಅಥವಾ ರುಟೈಲ್‌ನ (ಟೈಟಾನಿಯಂ ಡೈಆಕ್ಸೈಡ್ ಹರಳಿನ) ಪ್ರಿಸಂ ಬೇಕಾಗುತ್ತದೆ.

ಲೇಸರ್ ಕಿರಣವನ್ನು ಪ್ರಿಸಂನ ತಳದ ಒಳಮೈಯಲ್ಲಿ ಒಂದು ಬಿಂದುವಿಗೆ ಕೇಂದ್ರೀಕರಿಸಿ, ಅಲ್ಲಿಂದ ಪ್ರತಿಫಲಿಸಿ ಹೊರಬರುವ ಕಿರಣವನ್ನು ಡಿಟೆಕ್ಟರ್ ಮೇಲೆ ಬೀಳಿಸಿ. ಬಿಲ್ಲೆಯನ್ನು ಪಿಯೆಜೊ ಚಲನೆಯಿರುವ (ವೋಲ್ಟೇಜ್ ಕೊಟ್ಟರೆ ಅತಿ ಸಣ್ಣ ಹೆಜ್ಜೆಗಳಲ್ಲಿ ಸರಿಯುವ) ಪೀಠದ ಮೇಲೆ ಕೂರಿಸಿ, ಮೇಲಿನಿಂದ ಕ್ಯಾಮೆರಾ ಇಡಿ. ಪ್ರಿಸಂನ ಮೈಯಲ್ಲಿ ಬಿಲ್ಲೆಯ ಅಂಚಿನ ಪ್ರತಿಬಿಂಬ ಕಾಣುತ್ತದೆ. ಅಂಚು ಮುಂದೆ ಸರಿದಂತೆ ಪ್ರತಿಬಿಂಬವೂ ಎದುರಿನಿಂದ ಸರಿದು ಬರುತ್ತದೆ. ಎರಡರ ನಡುವಿನ ಸಂದು ಕೂದಲಿನಷ್ಟಾದಾಗ ಕೈಯ ತಿರುಪನ್ನು ಬಿಟ್ಟು ಪಿಯೆಜೊಗೆ ಬನ್ನಿ. 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಸರಿಯಾದ ರಕ್ಷಣಾ ಕನ್ನಡಕವಿಲ್ಲದೆ ಕಿರಣದ ಮಟ್ಟಕ್ಕೆ ತಲೆ ತಗ್ಗಿಸಬೇಡಿ.

ಲೇಸರ್‌ನ ಆವೃತ್ತಿಯನ್ನು ಹಿಂದೆ ಮುಂದೆ ಓಡಿಸುತ್ತಾ ಆಸಿಲೋಸ್ಕೋಪ್ ನೋಡುತ್ತಿರಿ. ಮೊದಲು ಗೆರೆ ನೀಟಾಗಿ ಮಲಗಿರುತ್ತದೆ. ಪಿಯೆಜೊ ಕೆಲವು ಹತ್ತು ನ್ಯಾನೊಮೀಟರ್ ಮುಂದೆ ಸರಿದಂತೆ ಎಲ್ಲೋ ಒಂದು ಕಡೆ ಸೂಜಿ ಚುಚ್ಚಿದಂಥ ಸಣ್ಣ ತಗ್ಗು, ಅಂದರೆ ಬೆಳಕು ಬಿಲ್ಲೆಯೊಳಗೆ ಹೋದ ಗುರುತು, ಕಾಣಿಸುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ತಗ್ಗೇ ಇಲ್ಲದಿದ್ದರೆ ಧ್ರುವೀಕರಣವನ್ನು ತಿರುಗಿಸಿ ನೋಡಿ, ಆಮೇಲೆ ಕೋನ, ಅದೂ ಆಗದಿದ್ದರೆ ಕಿರಣದ ಎತ್ತರ. ಈ ಕ್ರಮದಲ್ಲಿ ಹುಡುಕಿದರೆ ಸಮಯ ಉಳಿಯುತ್ತದೆ.

ಇನ್ನೂ ಹತ್ತಿರ ತಂದಂತೆ ತಗ್ಗು ಆಳವಾಗುತ್ತದೆ. ಒಂದು ಹಂತದಲ್ಲಿ ಅತಿ ಆಳಕ್ಕೆ ಮುಟ್ಟಿ, ಅದನ್ನು ದಾಟಿದರೆ ಅಗಲವಾಗುತ್ತಾ ಮತ್ತೆ ಮೇಲೇಳುತ್ತದೆ. ಅತಿ ಆಳದ ಬಿಂದುವಿನಲ್ಲಿ, ಬಿಲ್ಲೆಯೊಳಗೆ ನಷ್ಟವಾಗುವಷ್ಟೇ ಬೆಳಕು ಪ್ರಿಸಂ ಮೂಲಕವೂ ಹೊರಬರುತ್ತಿರುತ್ತದೆ. ಅಲ್ಲಿ ಅಳೆದ ಕ್ಯೂ ಬಿಲ್ಲೆಯ ಸ್ವಂತ ಕ್ಯೂ ಅರ್ಧದಷ್ಟು ಮಾತ್ರ.

ಕ್ಯೂ ಅಳೆಯುವುದು

ಬಿಲ್ಲೆಯ ನಿಜವಾದ ಗುಣ ತಿಳಿಯಬೇಕಾದರೆ ಪ್ರಿಸಂನಿಂದ ದೂರ ಸರಿಸಿ, ತಗ್ಗು ಆಳವಿಲ್ಲದೆ ಸೂಜಿಯಂತೆ ಸಣ್ಣದಾದ ಸ್ಥಿತಿಯಲ್ಲಿ ಅಳೆಯಿರಿ. ಪರದೆಯ ಮೇಲಿನ ಮಿಲಿಸೆಕೆಂಡನ್ನು ಆವೃತ್ತಿಗೆ ಪರಿವರ್ತಿಸಲು ಲೇಸರ್ ದಾರಿಯಲ್ಲಿ ಮಾಡ್ಯುಲೇಟರ್ (ಬೆಳಕಿನ ಮೇಲೆ ವಿದ್ಯುತ್ ಸಂಕೇತ ಹೇರುವ ಸಾಧನ) ಇಟ್ಟು 5 ಮೆಗಾಹರ್ಟ್ಸ್ ಸಂಕೇತ ಕೊಡಿ. ಮುಖ್ಯ ತಗ್ಗಿನ ಎರಡೂ ಬದಿಗೆ ಪುಟ್ಟ ತಗ್ಗುಗಳು ಏಳುತ್ತವೆ. ಮುಖ್ಯ ತಗ್ಗಿನಿಂದ ಅವುಗಳ ದೂರ ಸರಿಯಾಗಿ 5 ಮೆಗಾಹರ್ಟ್ಸ್. ಅದೇ ನಿಮ್ಮ ಅಳತೆಗೋಲು. ಲೇಸರ್‌ನ ಸ್ವಂತ ಗೆರೆಯಗಲ ಬಿಲ್ಲೆಯದಕ್ಕಿಂತ ಸಣ್ಣದಿರಬೇಕು, ಇಲ್ಲವಾದರೆ ನೀವು ಅಳೆಯುತ್ತಿರುವುದು ಲೇಸರನ್ನೇ.

ಮೋಸ ಹೋಗುವ ಜಾಗ ಇನ್ನೊಂದಿದೆ. ಅನುರಣನದಲ್ಲಿ ಬಿಲ್ಲೆ ಬಿಸಿಯಾಗಿ, ಅನುರಣನವೇ ಉದ್ದ ತರಂಗದೂರದತ್ತ ಜರುಗುತ್ತದೆ. ಲೇಸರ್ ಅದೇ ದಿಕ್ಕಿಗೆ ಓಡುತ್ತಿದ್ದರೆ ಎರಡೂ ಜೊತೆಜೊತೆಗೆ ಸಾಗಿ ತಗ್ಗು ಅಗಲವಾದ ತ್ರಿಕೋನದಂತೆ ಕಾಣುತ್ತದೆ. ಎದುರು ದಿಕ್ಕಿಗೆ ಓಡಿಸಿದರೆ ಎರಡೂ ಕ್ಷಣದಲ್ಲಿ ಹಾಯ್ದುಹೋಗಿ ತಗ್ಗು ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಎರಡನೆಯದನ್ನು ಮಾತ್ರ ಅಳೆದವರಿಗೆ ಹೆಮ್ಮೆಪಡುವಂಥ ಸುಳ್ಳು ಕ್ಯೂ ಸಿಗುತ್ತದೆ. ಎರಡೂ ದಿಕ್ಕಿನಲ್ಲಿ ಒಂದೇ ಆಕಾರ ಬರುವವರೆಗೆ ಲೇಸರ್ ಶಕ್ತಿಯನ್ನು ಇಳಿಸುತ್ತಾ ಹೋಗಿ.

ಕ್ಯೂ 100 ಕೋಟಿಗಿಂತ ಮೇಲಕ್ಕೆ ಹೋದಾಗ ಗೆರೆಯಗಲ ಅಳೆಯುವುದನ್ನು ಬಿಟ್ಟು ಬೆಳಕು ಆರುವ ಕಾಲವನ್ನೇ ಅಳೆಯುವುದು ಲೇಸು. ಲೇಸರನ್ನು ಅನುರಣನದ ಮೇಲೆ ವೇಗವಾಗಿ ಹಾಯಿಸಿದರೆ, ಒಳಗೆ ಸಿಕ್ಕಿಬಿದ್ದ ಬೆಳಕು ನಿಧಾನವಾಗಿ ಹೊರಬರುತ್ತಾ ಮುಂದೆ ಸಾಗಿದ ಲೇಸರ್ ಬೆಳಕಿನೊಂದಿಗೆ ಬೆರೆತು ಪರದೆಯಲ್ಲಿ ಅಲೆಅಲೆಯಾದ ಬಾಲ ಮೂಡಿಸುತ್ತದೆ. ಆ ಅಲೆಗಳ ಹೊರರೇಖೆ ಕುಗ್ಗುವ ರೀತಿಯಿಂದ ಕಾಲ ಸಿಗುತ್ತದೆ. ಆದರೆ ಅಲೆಯ ಎತ್ತರ ಕ್ಷೇತ್ರಕ್ಕೆ ಅನುಪಾತವಾಗಿರುವುದರಿಂದ ಶಕ್ತಿ ಅದರ ಎರಡರಷ್ಟು ಬೇಗ ಇಳಿಯುತ್ತದೆ. ಈ ಎರಡರ ಅಂಶವನ್ನು ಮರೆತು ಕ್ಯೂ ಇಮ್ಮಡಿ ಬರೆದವರನ್ನು ನಾನು ನೋಡಿದ್ದೇನೆ.

ಕೆಲಸಕ್ಕೆ ಹಚ್ಚುವುದು

ಮೊದಲ ಉಪಯೋಗವಾಗಿ ಸಾಮಾನ್ಯ ಡಯೋಡ್ ಲೇಸರನ್ನು ಸ್ಥಿರಗೊಳಿಸಿ ನೋಡಿ, ಕಡಿಮೆ ಶ್ರಮಕ್ಕೆ ಇಷ್ಟು ಫಲ ಬೇರೆಲ್ಲೂ ಇಲ್ಲ. ಹರಳಿನೊಳಗಿನ ಅತಿ ಸೂಕ್ಷ್ಮ ಏರುಪೇರುಗಳಿಂದ ಸ್ವಲ್ಪ ಬೆಳಕು ಹಿಮ್ಮುಖವಾಗಿ ಚದುರಿ ಲೇಸರ್‌ಗೇ ಮರಳುತ್ತದೆ. ಅನುರಣನದಲ್ಲಿರುವ ಬಣ್ಣ ಮಾತ್ರ ಹಾಗೆ ಮರಳುವುದರಿಂದ ಲೇಸರ್ ಅದಕ್ಕೇ ಕಟ್ಟುಬೀಳುತ್ತದೆ. ಇದಕ್ಕಾಗಿ ಲೇಸರ್ ಮುಂದೆ ಐಸೊಲೇಟರ್ (ಬೆಳಕು ಲೇಸರ್‌ಗೆ ಮರಳದಂತೆ ತಡೆಯುವ ಸಾಧನ) ಇಡಬಾರದು. ಬೇರೆ ಎಲ್ಲ ಪ್ರಯೋಗಗಳಲ್ಲಿ ಕಡ್ಡಾಯವಾದದ್ದು ಇಲ್ಲಿ ಅಡ್ಡಿ. ಡಯೋಡ್‌ನ ವಿದ್ಯುತ್ ಪ್ರವಾಹವನ್ನು ಮೆಲ್ಲಗೆ ಏರಿಸುತ್ತಾ ಹೋದಾಗ ಚೂಪಾದ ತಗ್ಗಿನ ಜಾಗದಲ್ಲಿ ಚಪ್ಪಟೆ ತಳದ ಮೆಟ್ಟಿಲು ಮೂಡಿದರೆ ಬೀಗ ಬಿದ್ದಂತೆ. ಲೇಸರ್‌ಗೂ ಬಿಲ್ಲೆಗೂ ನಡುವಿನ ದೂರವನ್ನು ಪಿಯೆಜೊದಿಂದ ಒಂದಿಷ್ಟು ಹೊಂದಿಸಿದರೆ ಮೆಟ್ಟಿಲು ಅಗಲವಾಗುತ್ತದೆ. ಮೆಗಾಹರ್ಟ್ಸ್ ಅಗಲವಿದ್ದ ಲೇಸರ್ ಗೆರೆ ಕಿಲೋಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ.

ಆವೃತ್ತಿ ಬಾಚಣಿಗೆ ಮುಂದಿನ ಮೆಟ್ಟಿಲು. 2007ರಲ್ಲಿ ಸಿಲಿಕಾ ಉಂಗುರದಲ್ಲಿ ಇದನ್ನು ತೋರಿಸಿದ ಮೇಲೆ ಬೇಗನೆ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಗಳಲ್ಲೂ ಬಾಚಣಿಗೆ ಹುಟ್ಟಿತು. ಒಂದೇ ಬಣ್ಣದ ಲೇಸರ್ ಬಿಲ್ಲೆಯೊಳಗೆ ಸಮಾನ ಅಂತರದ ನೂರಾರು ಬಣ್ಣಗಳಾಗಿ ಒಡೆಯುತ್ತದೆ. ಹಲ್ಲುಗಳ ಅಂತರವನ್ನು ನಿರ್ಧರಿಸುವುದು ಬಿಲ್ಲೆಯ ವ್ಯಾಸ: ಮೆಗ್ನೀಸಿಯಂ ಫ್ಲೋರೈಡ್‌ನಲ್ಲಿ 7 ಮಿಲಿಮೀಟರ್‌ಗೆ 10 ಗಿಗಾಹರ್ಟ್ಸ್, 2 ಮಿಲಿಮೀಟರ್‌ಗೆ ಸುಮಾರು 35. ಹಲ್ಲುಗಳೆಲ್ಲ ಒಂದೇ ಹೆಜ್ಜೆಯಲ್ಲಿ ನಡೆದು ಒಳಗೆ ಒಂದೇ ಚುರುಕು ಸ್ಪಂದನವಾಗಿ ಸುತ್ತಬೇಕಾದರೆ ಸಾಲಿಟಾನ್ (ಆಕಾರ ಕೆಡದೆ ಸಾಗುವ ಸ್ಪಂದನ) ಸ್ಥಿತಿ ಹಿಡಿಯಬೇಕು. 2014ರಲ್ಲಿ ಪ್ರಕಟವಾದ ಮೆಗ್ನೀಸಿಯಂ ಫ್ಲೋರೈಡ್ ಪ್ರಯೋಗ ಅದರ ದಾರಿ ತೋರಿಸಿತು. ಲೇಸರನ್ನು ಗಿಡ್ಡ ತರಂಗದೂರದ ಕಡೆಯಿಂದ ಉದ್ದದ ಕಡೆಗೆ ಅನುರಣನದ ಮೂಲಕ ಎಳೆಯಿರಿ. ಹೊರಬರುವ ಬೆಳಕಿನ ಗೆರೆ ಗದ್ದಲದಿಂದ ಕೂಡಿ, ಕೊನೆಯಲ್ಲಿ ಮೆಟ್ಟಿಲುಗಳಾಗಿ ಬದಲಾಗುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಸಾಲಿಟಾನ್ ಕಳಚಿದ್ದರ ಗುರುತು. ಕೊನೆಯ ಮೆಟ್ಟಿಲಿನ ಮೇಲೆ ಲೇಸರನ್ನು ನಿಲ್ಲಿಸಬೇಕು. ಹಲ್ಲುಗಳನ್ನು ವೇಗದ ಡಿಟೆಕ್ಟರ್ ಮೇಲೆ ಬೀಳಿಸಿದರೆ ಅವುಗಳ ಅಂತರದ ಆವೃತ್ತಿಯಲ್ಲಿ ತೀರಾ ಶುದ್ಧವಾದ ಮೈಕ್ರೊವೇವ್ ಸಂಕೇತ ಸಿಗುತ್ತದೆ. ರೇಡಾರ್ ಮತ್ತು ಸಂವಹನ ಕ್ಷೇತ್ರದವರು ಈ ಬಿಲ್ಲೆಗಳನ್ನು ಬಯಸುವುದು ಇದಕ್ಕೇ.

ಲಿಥಿಯಂ ನಯೋಬೇಟ್ ಬಿಲ್ಲೆಯ ಮೇಲೂ ಕೆಳಗೂ ವಿದ್ಯುದ್ವಾರ ಇಟ್ಟರೆ ವೋಲ್ಟೇಜ್‌ನಿಂದಲೇ ಅನುರಣನವನ್ನು ಸರಿಸಬಹುದು, ದುರ್ಬಲ ಮೈಕ್ರೊವೇವ್ ಸಂಕೇತವನ್ನು ಬೆಳಕಿನ ಮೇಲೆ ಹೇರಬಹುದು. ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪ್‌ಗಳಲ್ಲೂ ಇಂಥ ಅನುರಣಕಗಳಿಗೆ ಕೆಲಸವಿದೆ. ಲಕ್ಷಗಟ್ಟಲೆ ಸಾಧನ ಬೇಕಾದವರು ಚಿಪ್ ಮೇಲಿನ ಸಿಲಿಕಾನ್ ನೈಟ್ರೈಡ್ ಉಂಗುರಗಳತ್ತ ಹೋಗುವುದು ಸರಿ. ಅತಿ ಸಣ್ಣ ಗೆರೆಯಗಲವೇ ಮುಖ್ಯವಾದ ಕಡೆ ನಾನು ಇಂದಿಗೂ ಹರಳನ್ನೇ ಆರಿಸುತ್ತೇನೆ.

ಕಾಪಾಡಿಕೊಳ್ಳುವುದು

ಮೆಗ್ನೀಸಿಯಂ ಫ್ಲೋರೈಡ್ ಬಿಲ್ಲೆಯ ಉಷ್ಣತೆ ಒಂದು ಡಿಗ್ರಿ ಬದಲಾದರೆ ಅನುರಣನ ಸುಮಾರು 2 ಗಿಗಾಹರ್ಟ್ಸ್ ಜರುಗುತ್ತದೆ. ಡಿಗ್ರಿಯ ಸಾವಿರದ ಒಂದು ಭಾಗದ ಬದಲಾವಣೆಯೂ ನಮ್ಮ 193 ಕಿಲೋಹರ್ಟ್ಸ್ ಗೆರೆಯ ಹತ್ತು ಪಟ್ಟು. ಹಾಗಾಗಿ ಬಿಲ್ಲೆ, ಪ್ರಿಸಂ, ಲೇಸರ್ ಮೂರನ್ನೂ ಒಂದೇ ಲೋಹದ ತಳದ ಮೇಲೆ ಕೂರಿಸಿ, ಉಷ್ಣ ನಿಯಂತ್ರಣ ಕೊಟ್ಟು, ಒಣ ಗಾಳಿ ತುಂಬಿ ಮುಚ್ಚಿಬಿಡಿ. ಅಂಟು ಆರುವಾಗ ಕುಗ್ಗಿ ಪ್ರಿಸಂನ ಸಂದನ್ನು ಬದಲಿಸುತ್ತದೆ. ಅದಕ್ಕೆಂದೇ ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಲೇಸರ್ ಹಚ್ಚಿಟ್ಟು ತಗ್ಗಿನ ಆಳವನ್ನು ಗಮನಿಸುತ್ತಲೇ ಇರಿ. ಹೊರಗಿಟ್ಟ ಬಿಲ್ಲೆಯ ಕ್ಯೂ ಕೆಲವು ದಿನಗಳಲ್ಲಿ ಇಳಿದರೆ ಮತ್ತೆ ವಜ್ರದ ಪುಡಿಗೆ ಕೈ ಹಾಕಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ತೊಯ್ದ ಹೊಸ ಹಾಳೆಯಿಂದ ಅಂಚನ್ನು ಒಂದೇ ದಿಕ್ಕಿನಲ್ಲಿ, ಒಂದೇ ಬಾರಿ ಸವರಿ, ಮತ್ತೆ ಅಳೆದು ನೋಡಿ.